1898ರ ಡಚ್ ರೈಕ್ಸ್‌ಡಾಲ್ಡರ್ ಕೈಗೆ ಬಂದರೆ: ಗುರುತು, ಪರೀಕ್ಷೆ, ಬೆಲೆ

ಐಂಡ್‌ಹೋವನ್‌ನಲ್ಲೋ ಆಮ್‌ಸ್ಟರ್‌ಡ್ಯಾಮಿನಲ್ಲೋ ಕೆಲಸದಲ್ಲಿರುವ ಮಗ ಅಥವಾ ಮಗಳು ರಜೆಗೆ ಊರಿಗೆ ಬರುವಾಗ, ಅಲ್ಲಿನ ಹಳೆಯ ಸಾಮಾನಿನ ಸಂತೆಯಲ್ಲಿ ಸಿಕ್ಕಿತೆಂದು ಅಂಗೈಯಗಲದ ಬೆಳ್ಳಿ ನಾಣ್ಯವೊಂದನ್ನು ತಂದುಕೊಡುವುದುಂಟು. ಹಾಗೆ ಬರುವ ನಾಣ್ಯಗಳಲ್ಲಿ ಹೆಚ್ಚಿನವು ರಾಣಿ ಯೂಲಿಯಾನಾಳ ಕಾಲದ 15 ಗ್ರಾಂ ತೂಕದವು, ಇಲ್ಲವೇ ಮೂರನೆಯ ವಿಲ್ಲೆಮ್ ದೊರೆಯ ಕಾಲದ, ದಶಲಕ್ಷಗಳ ಲೆಕ್ಕದಲ್ಲಿ ಅಚ್ಚಾದ 25 ಗ್ರಾಂ ತೂಕದವು. ಇವುಗಳ ಬೆಲೆ ಬಹುಮಟ್ಟಿಗೆ ಬೆಳ್ಳಿಯ ಬೆಲೆಯೇ. ಆದರೆ ಅದೇ ರಾಶಿಯಲ್ಲಿ ಎಂದಾದರೊಮ್ಮೆ 1898ರ ಎರಡೂವರೆ ಗಿಲ್ಡರ್ (ಗಿಲ್ಡರ್ ಎಂದರೆ ಯೂರೋಗೆ ಮುಂಚೆ ಇದ್ದ ಡಚ್ ಹಣ), ಅಂದರೆ ಡಚ್ಚರು ರೈಕ್ಸ್‌ಡಾಲ್ಡರ್ ಎಂದು ಕರೆಯುವ ನಾಣ್ಯ, ಸೇರಿಕೊಂಡಿರುತ್ತದೆ. ಅದನ್ನು ಗುರುತಿಸುವ, ಅಸಲಿಯೇ ಎಂದು ಪರೀಕ್ಷಿಸುವ ಮತ್ತು ಅದಕ್ಕೆ ನ್ಯಾಯವಾದ ಬೆಲೆ ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ.

ಈ ನಾಣ್ಯ ಏಕೆ ವಿರಳವಾಯಿತು ಎಂಬುದನ್ನು ತಿಳಿಯದೆ ಅದರ ಬೆಲೆ ಅರ್ಥವಾಗುವುದಿಲ್ಲ. 1870ರ ದಶಕದ ಆರಂಭದಲ್ಲಿ ಜರ್ಮನಿ ಚಿನ್ನದ ನಾಣ್ಯ ಪದ್ಧತಿಗೆ ಹೊರಳಿ ತನ್ನ ಬೆಳ್ಳಿಯನ್ನು ಮಾರುಕಟ್ಟೆಗೆ ಬಿಟ್ಟಾಗ ಬೆಳ್ಳಿಯ ಬೆಲೆ ಕುಸಿಯತೊಡಗಿತು. ಯಾರು ಬೇಕಾದರೂ ಬೆಳ್ಳಿ ತಂದು ಟಂಕಸಾಲೆಯಲ್ಲಿ ನಾಣ್ಯ ಮಾಡಿಸಿಕೊಳ್ಳಬಹುದಾಗಿದ್ದ ಸೌಲಭ್ಯವನ್ನು ನೆದರ್ಲೆಂಡ್ಸ್ ನಿಲ್ಲಿಸಿ, 1875ರ ಹೊತ್ತಿಗೆ ಚಿನ್ನದ 10 ಗಿಲ್ಡರ್ ನಾಣ್ಯವನ್ನು ಹೊರತಂದಿತು. ಅದರಿಂದಾಗಿ 1874ರ ನಂತರ ರೈಕ್ಸ್‌ಡಾಲ್ಡರ್ ಅಚ್ಚಾಗುವುದೇ ನಿಂತಿತು. ಅಷ್ಟರಲ್ಲಿ 1890ರಲ್ಲಿ ಮೂರನೆಯ ವಿಲ್ಲೆಮ್ ದೊರೆ ತೀರಿಕೊಂಡು, ಅವನ ಹತ್ತು ವರ್ಷದ ಮಗಳು ವಿಲ್ಹೆಲ್ಮಿನಾ ರಾಣಿಯಾದಳು. ತಾಯಿ ಎಮ್ಮಾ ಅವಳ ಪರವಾಗಿ ಆಡಳಿತ ನೋಡಿಕೊಂಡಳು. 1898ರ ಆಗಸ್ಟ್ 31ರಂದು ಹದಿನೆಂಟು ತುಂಬಿ, ಸೆಪ್ಟೆಂಬರ್ 6ರಂದು ಆಮ್‌ಸ್ಟರ್‌ಡ್ಯಾಮಿನ ನ್ಯೂವೆ ಕೆರ್ಕ್ ಚರ್ಚಿನಲ್ಲಿ ಅವಳ ಅಧಿಕಾರ ಸ್ವೀಕಾರವಾಯಿತು. ಆ ವರ್ಷದಲ್ಲಿ ಮಾತ್ರ, ಅದೂ ಕೇವಲ 1,00,000 ರೈಕ್ಸ್‌ಡಾಲ್ಡರ್‌ಗಳು ಉಟ್ರೆಕ್ಟ್ ಟಂಕಸಾಲೆಯಿಂದ ಹೊರಬಿದ್ದವು. ಮುಂದಿನ ರೈಕ್ಸ್‌ಡಾಲ್ಡರ್ ಬಂದದ್ದು 1929ರಲ್ಲಿ, ಬೇರೆ ಮುಖಚಿತ್ರದೊಂದಿಗೆ ಮತ್ತು ಕಡಿಮೆ ಬೆಳ್ಳಿಯೊಂದಿಗೆ. ಹೀಗೆ ಹಿಂದೆ 24 ವರ್ಷ, ಮುಂದೆ 31 ವರ್ಷ ಖಾಲಿ ಬಿಟ್ಟು ನಡುವೆ ಒಂಟಿಯಾಗಿ ನಿಂತ ನಾಣ್ಯವಿದು. ವರ್ಷಕ್ಕೊಂದರಂತೆ ನಾಣ್ಯ ಜೋಡಿಸುವ ಸಂಗ್ರಾಹಕನೂ, ದೊರೆಗೊಂದರಂತೆ ಜೋಡಿಸುವವನೂ ಇದೊಂದನ್ನೇ ಹುಡುಕಬೇಕಾಗುವುದರಿಂದ ಬೇಡಿಕೆ ತಗ್ಗುವುದಿಲ್ಲ.

ಮೊದಲ ಹೆಜ್ಜೆ: ಕೈ ತಡೆಯಿರಿ

ನಾಣ್ಯ ಸಿಕ್ಕಿದೊಡನೆ ಮಾಡಬೇಕಾದ ಕೆಲಸವೆಂದರೆ ಏನೂ ಮಾಡದಿರುವುದು. ನಮ್ಮ ಮನೆಗಳಲ್ಲಿ ಕಪ್ಪಾದ ಬೆಳ್ಳಿಯನ್ನು ಕಂಡರೆ ಸುಮ್ಮನಿರುವ ಅಭ್ಯಾಸವಿಲ್ಲ; ವಿಭೂತಿ, ಹುಣಸೆಹಣ್ಣು, ಈಚೆಗೆ ಟೂತ್‌ಪೇಸ್ಟ್, ಇವುಗಳಲ್ಲಿ ಯಾವುದಾದರೊಂದು ಕೈಗೆ ಬರುತ್ತದೆ. ನನಗೆ ಈ ಪಾಠ ದುಬಾರಿಯಾಗಿ ಸಿಕ್ಕಿತು. ನಾನು ಕೊಂಡ ಮೊದಲ 1898ರ ನಾಣ್ಯ ಕೈಸೇರಿದ್ದು ಶ್ರಾವಣದಲ್ಲಿ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ದೇವರ ಸಾಮಾನು ಬೆಳಗಲು ಕುಳಿತ ಚಿಕ್ಕಮ್ಮ, ಕಳಶದ ಚೊಂಬಿನ ಜೊತೆಗೆ ಮೇಜಿನ ಮೇಲಿದ್ದ ನಾಣ್ಯಕ್ಕೂ ವಿಭೂತಿ ಹಚ್ಚಿ ತಿಕ್ಕಿ, "ನೋಡಪ್ಪಾ, ಈಗ ಹೊಸದರ ಹಾಗಾಯ್ತು" ಎಂದು ಹರಿವಾಣದಲ್ಲಿಟ್ಟಿದ್ದರು. ಹೊಳಪೇನೋ ಬಂದಿತ್ತು. ಆದರೆ ಭೂತಗನ್ನಡಿಯಲ್ಲಿ ನೋಡಿದಾಗ ರಾಣಿಯ ಕೆನ್ನೆಯ ಮೇಲೆ ಕಿವಿಯಿಂದ ಗಲ್ಲದವರೆಗೆ ಕೂದಲೆಳೆಯಷ್ಟು ಸಣ್ಣ ಗೀರುಗಳು ಒಂದೇ ದಿಕ್ಕಿಗೆ ಸಾಲುಗಟ್ಟಿದ್ದವು. ಮರುವರ್ಷ ಅದನ್ನು ಮಾರಲು ಹೋದಾಗ, ಕೊಂಡ ಬೆಲೆಯ ಅರ್ಧವೂ ಹುಟ್ಟಲಿಲ್ಲ.

ಬೆಳ್ಳಿಯ ಮೇಲೆ ಕಾಲಕ್ರಮದಲ್ಲಿ ಕೂರುವ ಬೂದು, ನೇರಳೆ ಅಥವಾ ಕಂದು ಛಾಯೆ ಕೊಳೆಯಲ್ಲ. ಅದು ಗಾಳಿಯಲ್ಲಿರುವ ಗಂಧಕದ ಅಂಶದೊಂದಿಗೆ ಬೆಳ್ಳಿ ಕೂಡಿ ಆಗುವ ತೆಳುವಾದ ಪದರ, ಮತ್ತು ನಾಣ್ಯದ ಮೇಲ್ಮೈಯನ್ನು ಯಾರೂ ಉಜ್ಜಿಲ್ಲವೆಂಬುದಕ್ಕೆ ಅದೇ ಸಾಕ್ಷಿ. ಆದ್ದರಿಂದ ನಾಣ್ಯವನ್ನು ಸದಾ ಅಂಚಿನಲ್ಲಿ ಹಿಡಿಯಿರಿ, ಕೆಳಗೆ ಮೆತ್ತನೆಯ ಬಟ್ಟೆ ಹಾಸಿರಿ, ಅದರ ಎದುರು ಮಾತನಾಡುವಾಗ ಎಂಜಲು ಸಿಡಿಯದಂತೆ ನೋಡಿಕೊಳ್ಳಿರಿ. ಹಳೆಯ ಪ್ಲಾಸ್ಟಿಕ್ ಆಲ್ಬಂನಲ್ಲಿದ್ದು ಹಸಿರು ಬಣ್ಣದ ಅಂಟು ಮೆತ್ತಿಕೊಂಡಿದ್ದರೆ ಮಾತ್ರ ಶುದ್ಧ ಅಸಿಟೋನಿನಲ್ಲಿ ಕೆಲವು ನಿಮಿಷ ಮುಳುಗಿಸಿ, ಹತ್ತಿಯಲ್ಲಿ ಒರೆಸದೆ, ಹಾಗೆಯೇ ಆರಲು ಬಿಡಬಹುದು. ಅಸಿಟೋನ್ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಒಲೆಯ ಬಳಿ, ದೀಪದ ಬಳಿ ಈ ಕೆಲಸ ಬೇಡ.

ಎರಡನೆಯ ಹೆಜ್ಜೆ: ಕಣ್ಣಿನಲ್ಲಿ ಗುರುತು ಹಿಡಿಯುವುದು

ಮುಂಬದಿಯಲ್ಲಿ ಕಿರೀಟಪಟ್ಟಿ ಧರಿಸಿದ ಹದಿಹರೆಯದ ರಾಣಿಯ ಮುಖ ಎಡಕ್ಕೆ ತಿರುಗಿರಬೇಕು. ಡಚ್ ನಾಣ್ಯಗಳಲ್ಲಿ ಒಬ್ಬ ಅರಸನಿಂದ ಮುಂದಿನವನಿಗೆ ಮುಖದ ದಿಕ್ಕು ಬದಲಾಗುತ್ತದೆ: ಮೂರನೆಯ ವಿಲ್ಲೆಮ್ ಬಲಕ್ಕೆ, ವಿಲ್ಹೆಲ್ಮಿನಾ ಎಡಕ್ಕೆ, ಅವಳ ಮಗಳು ಯೂಲಿಯಾನಾ ಮತ್ತೆ ಬಲಕ್ಕೆ. ಈ ಮುಖವನ್ನು ರೂಪಿಸಿದವನು ರೋಮಿನಲ್ಲಿ ನೆಲೆಸಿದ್ದ, ಫ್ರೀಸ್‌ಲ್ಯಾಂಡ್ ಪ್ರಾಂತದ ಶಿಲ್ಪಿ ಪೀರ್ ಪಾಂಡರ್. ಕತ್ತು ಮುಗಿಯುವಲ್ಲಿ ಅವನ ಹೆಸರು ಸಣ್ಣಕ್ಷರದಲ್ಲಿದೆ. ಸುತ್ತಲಿನ ಬರಹ ವಿಲ್ಹೆಲ್ಮಿನಾ, ನೆದರ್ಲೆಂಡ್ಸ್‌ನ ರಾಣಿ ಎಂಬಷ್ಟನ್ನೇ ಹೇಳುತ್ತದೆ. ಅವಳ ತಂದೆಯ ನಾಣ್ಯಗಳಲ್ಲಿ ಹೆಸರಿನ ಕೊನೆಗೆ, ಲಕ್ಸೆಂಬರ್ಗಿನ ಮಹಾಡ್ಯೂಕ್ ಎಂಬ ಬಿರುದನ್ನು ಸೂಚಿಸುವ ನಾಲ್ಕು ಅಕ್ಷರಗಳು ಇರುತ್ತಿದ್ದವು. ಲಕ್ಸೆಂಬರ್ಗಿನ ಉತ್ತರಾಧಿಕಾರದ ನಿಯಮ ಹೆಣ್ಣಿಗೆ ಪಟ್ಟ ಕೊಡದೆ ಆ ಸಿಂಹಾಸನ 1890ರಲ್ಲಿ ಬೇರೆ ಶಾಖೆಗೆ ಹೋದದ್ದರಿಂದ ಮಗಳ ನಾಣ್ಯದಲ್ಲಿ ಆ ಅಕ್ಷರಗಳಿಲ್ಲ. ಒಂದು ರಾಜ್ಯ ಕೈತಪ್ಪಿದ ಸಂಗತಿ ನಾಣ್ಯದ ಅಂಚಿನಲ್ಲಿ ಖಾಲಿ ಜಾಗವಾಗಿ ಉಳಿದಿರುವುದು ನನಗಂತೂ ಈ ನಾಣ್ಯದ ಅತ್ಯಂತ ಸೊಗಸಾದ ವಿವರ.

ಹಿಂಬದಿಯಲ್ಲಿ ಕಿರೀಟದ ಕೆಳಗೆ ಗುರಾಣಿ, ಗುರಾಣಿಯಲ್ಲಿ ಒಂದು ಮುಂಗಾಲಿನಲ್ಲಿ ಖಡ್ಗವನ್ನೂ ಇನ್ನೊಂದರಲ್ಲಿ ಬಾಣಗಳ ಕಟ್ಟನ್ನೂ ಹಿಡಿದು ನಿಂತ ಸಿಂಹ, ಗುರಾಣಿಯ ಇಕ್ಕೆಲದಲ್ಲಿ 2½ ಎಂಬ ಅಂಕೆ ಮತ್ತು ಗಿಲ್ಡರನ್ನು ಸೂಚಿಸುವ ಅಕ್ಷರ ಇರುತ್ತವೆ. ಎರಡು ಪುಟ್ಟ ಚಿಹ್ನೆಗಳನ್ನು ಹುಡುಕಿರಿ: ಹಾವು ಸುತ್ತಿಕೊಂಡ ದಂಡ ಉಟ್ರೆಕ್ಟ್ ಟಂಕಸಾಲೆಯ ಗುರುತು; ಉದ್ದ ಹಿಡಿಯ ಕೊಡಲಿಯಂತಹ ಆಯುಧ 1888ರಿಂದ 1909ರವರೆಗಿನ ಟಂಕಸಾಲೆಯ ಮುಖ್ಯಾಧಿಕಾರಿಯ ಗುರುತು. ಇಸವಿ 1898 ಎಂದಿದ್ದು ಈ ಆಯುಧದ ಬದಲು ಖಡ್ಗವೋ ಮೀನೋ ಕಂಡರೆ ಮುಂದಿನ ಹೆಜ್ಜೆಗಳ ಅಗತ್ಯವೇ ಇಲ್ಲ, ಅದು ನಕಲಿ.

ಇಲ್ಲೊಂದು ಗೊಂದಲ ಪದೇಪದೇ ಆಗುತ್ತದೆ. ಅದೇ 1898ರಲ್ಲಿ ಅದೇ ಮುಖದ ಒಂದು ಗಿಲ್ಡರ್ ನಾಣ್ಯವೂ ಅಚ್ಚಾಗಿದೆ, ಅದು 20 ಲಕ್ಷ ಸಂಖ್ಯೆಯಲ್ಲಿ. ಫೋಟೋದಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಗಿಲ್ಡರಿನ ವ್ಯಾಸ 28 ಮಿ.ಮೀ., ತೂಕ 10 ಗ್ರಾಂ. ರೈಕ್ಸ್‌ಡಾಲ್ಡರಿನ ವ್ಯಾಸ 38 ಮಿ.ಮೀ., ತೂಕ 25 ಗ್ರಾಂ. ವಾಟ್ಸಾಪ್‌ನಲ್ಲಿ ಬಂದ ಚಿತ್ರ ನೋಡಿ ಬೆಲೆ ಹೇಳುವ ಮೊದಲು, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಮತ್ತೊಮ್ಮೆ ಚಿತ್ರ ತೆಗೆದು ಕಳುಹಿಸಲು ಹೇಳಿರಿ.

ಮೂರನೆಯ ಹೆಜ್ಜೆ: ತೂಕ, ಅಳತೆ ಮತ್ತು ನೀರಿನ ಪರೀಕ್ಷೆ

ಚಿನಿವಾರರು ಬಳಸುವ, ಗ್ರಾಮಿನ ನೂರನೆಯ ಒಂದು ಭಾಗದವರೆಗೆ ತೋರಿಸುವ ಪುಟ್ಟ ತಕ್ಕಡಿ ಈಗ ಸಾವಿರ ರೂಪಾಯಿಯ ಒಳಗೆ ಸಿಗುತ್ತದೆ. ಸವೆತವನ್ನು ಲೆಕ್ಕಕ್ಕೆ ಹಿಡಿದರೆ ನಾಣ್ಯ 25 ಗ್ರಾಮಿಗಿಂತ ಒಂದೆರಡು ದಶಾಂಶ ಕಡಿಮೆ ತೂಗಬಹುದು. 23 ಅಥವಾ 26 ಗ್ರಾಂ ತೋರಿಸಿದರೆ ಅನುಮಾನಿಸಬೇಕು. ಅಯಸ್ಕಾಂತಕ್ಕೆ ಅಂಟಬಾರದು. ನಾಣ್ಯವನ್ನು ನೆತ್ತಿ ಮೇಲಾಗಿ ಹಿಡಿದು, ಮೇಲಿನಿಂದ ಕೆಳಕ್ಕೆ ಮಗುಚಿದಾಗ ಹಿಂಬದಿಯ ಸಿಂಹವೂ ನೆಟ್ಟಗೆ ಕಾಣಬೇಕು. ಪುಸ್ತಕದ ಪುಟದಂತೆ ಪಕ್ಕಕ್ಕೆ ತಿರುವಿದಾಗ ನೆಟ್ಟಗೆ ಕಂಡರೆ ಅಚ್ಚುಗಳ ಜೋಡಣೆ ತಪ್ಪಾಗಿದೆ ಎಂದರ್ಥ, ಮತ್ತು ನಕಲಿ ಮಾಡುವವರು ಹೆಚ್ಚಾಗಿ ಎಡವುವುದು ಇಲ್ಲೇ.

ತೂಕ ಸರಿಯಿದ್ದ ಮಾತ್ರಕ್ಕೆ ಲೋಹ ಸರಿಯೆಂದು ಹೇಳಲಾಗದು. ಈ ನಾಣ್ಯದಲ್ಲಿ ಸಾವಿರಕ್ಕೆ 945 ಭಾಗ ಬೆಳ್ಳಿ, ಉಳಿದದ್ದು ತಾಮ್ರ. ಆ ಮಿಶ್ರಣದ ಸಾಂದ್ರತೆ ಸುಮಾರು 10.4. ಇದನ್ನು ಮನೆಯಲ್ಲೇ ಅಳೆಯಬಹುದು. ತಕ್ಕಡಿಯ ಮೇಲೆ ಅರ್ಧ ಲೋಟ ಶುದ್ಧ ನೀರನ್ನಿಟ್ಟು, ತಕ್ಕಡಿಯನ್ನು ಸೊನ್ನೆಗೆ ತನ್ನಿರಿ. ನಾಣ್ಯಕ್ಕೆ ತೆಳುವಾದ ಹೊಲಿಗೆ ದಾರವನ್ನು ಸುತ್ತಿ, ಲೋಟದ ತಳಕ್ಕೂ ಗೋಡೆಗೂ ತಗುಲದಂತೆ ಪೂರ್ತಿ ಮುಳುಗಿಸಿ ತೂಗುಬಿಡಿರಿ. ಆಗ ತಕ್ಕಡಿ ತೋರಿಸುವುದು ನಾಣ್ಯದ ತೂಕವನ್ನಲ್ಲ, ಅದು ಸರಿಸಿದ ನೀರಿನ ತೂಕವನ್ನು. ಅಸಲಿ ನಾಣ್ಯಕ್ಕೆ ಅದು 2.40 ಗ್ರಾಮಿನ ಆಸುಪಾಸಿನಲ್ಲಿರುತ್ತದೆ, 25ನ್ನು 2.40ರಿಂದ ಭಾಗಿಸಿದರೆ 10.4 ಬರುವುದನ್ನು ನೀವೇ ನೋಡಬಹುದು. ನಮ್ಮಲ್ಲಿ ಜರ್ಮನ್ ಸಿಲ್ವರ್ ಎನ್ನುವ, ಬೆಳ್ಳಿಯೇ ಇಲ್ಲದ ಮಿಶ್ರಲೋಹದಲ್ಲಿ ಮಾಡಿದ 25 ಗ್ರಾಂ ನಕಲಿಯಾದರೆ 2.9ರ ಸುತ್ತ ತೋರಿಸುತ್ತದೆ. ನಾಣ್ಯದ ಮೇಲೆ ಗಾಳಿಗುಳ್ಳೆ ಕೂತಿದ್ದರೆ ಲೆಕ್ಕ ತಪ್ಪುವುದರಿಂದ ದಾರವನ್ನು ಮೆಲ್ಲಗೆ ಅಲುಗಿಸಿ ಎರಡು ಮೂರು ಸಲ ಅಳೆಯುವುದು ಲೇಸು. ಮುಗಿದ ಮೇಲೆ ನಾಣ್ಯವನ್ನು ಒರೆಸದೆ, ಬಟ್ಟೆಯ ಮೇಲೆ ಒತ್ತಿ ನೀರು ಹೀರಿಸಿರಿ. ಅಕ್ಕಸಾಲಿಯ ಬಳಿ ಒಯ್ದು ಒರೆಗಲ್ಲಿಗೆ ಉಜ್ಜಿಸುವ ಕೆಲಸವನ್ನಂತೂ ಮಾಡಲೇಬೇಡಿರಿ. ಬೆಳ್ಳಿ ಎಷ್ಟೆಂದು ಗೊತ್ತಾಗುತ್ತದೆ, ಅಂಚಿನ ಬೆಲೆ ಹೋಗುತ್ತದೆ.

ನಾಲ್ಕನೆಯ ಹೆಜ್ಜೆ: ಅಂಚು

ಹೊಸಬರು ಮುಖ ನೋಡುತ್ತಾರೆ, ಪಳಗಿದವರು ಅಂಚು ನೋಡುತ್ತಾರೆ. ಈ ನಾಣ್ಯದ ಅಂಚಿನ ಸುತ್ತ, ದೇವರು ನಮ್ಮೊಂದಿಗಿರಲಿ ಎಂಬ ಅರ್ಥದ "ಖೋಟ್ ಝೈ ಮೆಟ್ ಓನ್ಸ್" ಎಂಬ ಡಚ್ ಬರಹವಿದೆ. ಅಂಚಿನ ಬರಹ ಇಲ್ಲದಿದ್ದರೆ, ಅಕ್ಷರಗಳು ಸಾಬೂನಿನ ಮೇಲೆ ಕೊರೆದಂತೆ ಮೆತ್ತಗಿದ್ದರೆ, ಅಥವಾ ಅಂಚಿನ ನಡುವೆ ಉದ್ದಕ್ಕೂ ತೆಳ್ಳನೆಯ ಬೆಸುಗೆಗೆರೆ ಕಂಡರೆ ಅದು ಎರಕ ಹೊಯ್ದ ನಕಲಿ.

ಅಂಚು ಹೇಳುವ ಎರಡನೆಯ ಕಥೆ ಆಭರಣದ್ದು. ನಮ್ಮಲ್ಲಿ ಕಾಸಿನ ಸರಕ್ಕೆ ನಾಣ್ಯಗಳಿಗೆ ಕೊಂಡಿ ಬೆಸೆಯುತ್ತಿದ್ದ ಹಾಗೆಯೇ ಡಚ್ಚರೂ ದೊಡ್ಡ ಬೆಳ್ಳಿ ನಾಣ್ಯಗಳನ್ನು ಸೆರಗುಪಿನ್ನಿನಂಥ ಒಡವೆಯಾಗಿ, ಕೈಕಡಗವಾಗಿ ಮಾಡಿಸಿಕೊಂಡರು. ಫೋಲೆಂಡಾಮಿನಂತಹ ಮೀನುಗಾರರ ಊರುಗಳಲ್ಲಿ ಗಂಡಸರ ಷರಾಯಿಗೆ ದೊಡ್ಡ ಬೆಳ್ಳಿ ನಾಣ್ಯಗಳೇ ಗುಂಡಿಗಳಾದವು. ಆಮೇಲೆ ಕೊಂಡಿ ಕಿತ್ತು, ಅರದಿಂದ ಉಜ್ಜಿ, ಕಪ್ಪು ಬಣ್ಣ ತರಿಸಿ ಮಾರುವವರಿದ್ದಾರೆ. ನೆತ್ತಿಯ ನೇರಕ್ಕೆ, ಗಡಿಯಾರದ 12ರ ಜಾಗದಲ್ಲಿ, ಅಂಚಿನ ಅಕ್ಷರವೊಂದು ಮಸುಕಾಗಿದೆಯೇ, ಅಲ್ಲಿನ ಬಣ್ಣ ಸುತ್ತಲಿಗಿಂತ ಬೇರೆಯೇ ಎಂದು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿರಿ. ಹಿಂಬದಿಯ ಗುರಾಣಿಯ ಮೇಲೆ ಎರಡು ಕಡೆ ಸರಿಸಮವಾಗಿ ಮಸುಕು ಕಂಡರೆ ಪಿನ್ನು ಬೆಸೆದಿದ್ದ ಗುರುತು. ಬೆಸುಗೆ ಕಂಡ ನಾಣ್ಯ ಎಷ್ಟು ಅಂದವಾಗಿದ್ದರೂ ಸಂಗ್ರಾಹಕರ ಬೆಲೆಯಿಂದ ಇಳಿದು ಬೆಳ್ಳಿಯ ಬೆಲೆಯ ಕಡೆಗೆ ಜಾರುತ್ತದೆ.

ಐದನೆಯ ಹೆಜ್ಜೆ: ಸ್ಥಿತಿಯನ್ನು ಅಳೆಯುವುದು, ಡಚ್ಚರ ಮಾತನ್ನು ಅರಿಯುವುದು

ಕಿಟಕಿಯ ಬೆಳಕಿಗೆ ನಾಣ್ಯವನ್ನು ಓರೆಯಾಗಿ ಹಿಡಿದು ನಿಧಾನವಾಗಿ ತಿರುಗಿಸಿರಿ. ಅಚ್ಚಿನಿಂದ ಬಂದ ಮೂಲ ಹೊಳಪು ಉಳಿದಿದ್ದರೆ ಬೆಳಕಿನ ಗೆರೆಯೊಂದು ಗಡಿಯಾರದ ಮುಳ್ಳಿನಂತೆ ಸುತ್ತುತ್ತದೆ. ತಿಕ್ಕಿ ಹೊಳಪು ಬರಿಸಿದ ನಾಣ್ಯದಲ್ಲಿ ಬೆಳಕು ಸ್ಟೀಲ್ ತಟ್ಟೆಯ ಮೇಲಿನಂತೆ ಎಲ್ಲೆಡೆ ಒಂದೇ ಸಮನಾಗಿ ನಿಂತುಬಿಡುತ್ತದೆ. ಸವೆತ ಮೊದಲು ತಾಗುವುದು ಉಬ್ಬಿದ ಭಾಗಗಳಿಗೆ: ಕಿವಿಯ ಮೇಲಿನ ಕೂದಲು, ಕಿರೀಟಪಟ್ಟಿ, ಕೆನ್ನೆಯ ಮೂಳೆ, ಹಿಂದೆ ಸಿಂಹದ ತಲೆ. ಕೂದಲಿನ ಎಳೆಗಳು ಒಂದೊಂದಾಗಿ ಎಣಿಸುವಂತಿವೆಯೋ, ಗೊಂಚಲಾಗಿ ಕೂಡಿಕೊಂಡಿವೆಯೋ, ಬರೀ ನಯವಾದ ಉಬ್ಬಾಗಿದೆಯೋ ಎಂಬುದನ್ನು ಬರೆದಿಟ್ಟುಕೊಳ್ಳಿರಿ.

ನೆದರ್ಲೆಂಡ್ಸ್‌ನ ವ್ಯಾಪಾರಿಗಳ ಪಟ್ಟಿ ಓದುವಾಗ ಅವರ ಪದಗಳು ನಮ್ಮನ್ನು ದಾರಿ ತಪ್ಪಿಸುತ್ತವೆ. "ಫ್ರಾಯ್" ಎಂದರೆ ಮಾತಿನ ಅರ್ಥ ಸುಂದರ. ನಾಣ್ಯದ ಮಟ್ಟಿಗೆ ಅದು ಚೆನ್ನಾಗಿ ಸವೆದದ್ದು. "ಝೇರ್ ಫ್ರಾಯ್" ಎಂದರೆ ಬಹಳ ಸುಂದರ; ವಾಸ್ತವದಲ್ಲಿ ಮುಖ್ಯ ವಿವರಗಳು ಉಳಿದಿರುವ, ಆದರೆ ಬಳಕೆಯ ಸವೆತ ಸ್ಪಷ್ಟವಾಗಿರುವ ಮಧ್ಯಮ ದರ್ಜೆ. "ಪ್ರಾಖ್ತಿಖ್" ಎಂದರೆ ಭವ್ಯ. ಅದು ಉಬ್ಬಿದ ಭಾಗಗಳಲ್ಲಿ ಮಾತ್ರ ಲಘು ಸವೆತವಿರುವ ದರ್ಜೆ. ಅದರ ಮೇಲೆ, ಚಲಾವಣೆಯನ್ನೇ ಕಾಣದ ನಾಣ್ಯಗಳು. ಭವ್ಯ ಎಂಬ ಪದವನ್ನು ಓದಿ ಕಳಂಕವಿಲ್ಲದ ನಾಣ್ಯವನ್ನು ನಿರೀಕ್ಷಿಸಿದವನಿಗೆ ನಿರಾಸೆಯಾದರೆ ಅದರಲ್ಲಿ ವ್ಯಾಪಾರಿಯ ತಪ್ಪಿಲ್ಲ. ವಿವರಣೆಯಲ್ಲಿ "ಖೆಪೂಟ್ಸ್ಟ್" ಎಂಬ ಪದ ಬಂದರೆ ತಿಕ್ಕಿ ಬೆಳಗಿದ್ದು ಎಂದೂ, "ರಾಂಡ್‌ಟಿಕ್" ಎಂದು ಬಂದರೆ ಅಂಚಿಗೆ ಏಟು ಬಿದ್ದಿದೆ ಎಂದೂ ತಿಳಿಯಬೇಕು.

ಆರನೆಯ ಹೆಜ್ಜೆ: ಬೆಲೆ ಕಟ್ಟುವುದು

ತಳದ ಬೆಲೆಯ ಲೆಕ್ಕ ಸುಲಭ. 25 ಗ್ರಾಮಿನ 945 ಸಹಸ್ರಾಂಶವೆಂದರೆ 23.6 ಗ್ರಾಂ ಶುದ್ಧ ಬೆಳ್ಳಿ. ಅಂದಿನ ಗ್ರಾಂ ಬೆಲೆಯಿಂದ ಗುಣಿಸಿರಿ. 1929ರ ನಂತರದ ರೈಕ್ಸ್‌ಡಾಲ್ಡರಿನಲ್ಲಿ ಅದೇ ತೂಕಕ್ಕೆ 18 ಗ್ರಾಂ ಬೆಳ್ಳಿ ಮಾತ್ರ ಇರುವುದನ್ನು ಹೋಲಿಸಿ ನೋಡಬಹುದು. ಮುಖಬೆಲೆಯ ಮಾತನ್ನು ಮರೆತುಬಿಡಿರಿ: ಗಿಲ್ಡರ್ ನಾಣ್ಯಗಳನ್ನು ಯೂರೋಗೆ ಬದಲಿಸಿಕೊಡುವುದು 2007ರ ಆರಂಭದಲ್ಲೇ ನಿಂತುಹೋಗಿದೆ; ಈಗ ಬ್ಯಾಂಕಿನಲ್ಲಿ ಇದಕ್ಕೆ ಏನೂ ಸಿಗುವುದಿಲ್ಲ.

ತಳದಿಂದ ಮೇಲಕ್ಕೆ ಹೋಗುವುದು ಸ್ಥಿತಿಯ ಮೇಲೆ. ಸವೆದಿದ್ದರೂ ಗಾಯವಿಲ್ಲದ 1898ರ ನಾಣ್ಯ ಕೆಲವು ನೂರು ಯೂರೋಗಳಿಗೆ ಹೋಗುತ್ತದೆ. ಚಲಾವಣೆ ಕಾಣದ, ಮೂಲ ಹೊಳಪಿನದು ಸಾವಿರ ಯೂರೋ ದಾಟುತ್ತದೆ. ಈ ಎರಡರ ನಡುವಿನ ಅಂತರವೇ ಸಂಗ್ರಾಹಕನ ಮೌಲ್ಯ, ಮತ್ತು ಅದರ ಬಹುಭಾಗ ಕೆನ್ನೆಯ ಮೇಲಿನ ಒಂದು ಚದರ ಸೆಂಟಿಮೀಟರಿನಲ್ಲಿ ನಿರ್ಧಾರವಾಗುತ್ತದೆ. ಒಂದು ಲಕ್ಷ ಎಂಬ ಸಂಖ್ಯೆಗೆ ಮರುಳಾಗಿ ಎಲ್ಲ 1898ಕ್ಕೂ ಒಂದೇ ಬೆಲೆ ಹೇಳುವವರನ್ನು ನಂಬಬೇಡಿರಿ.

ಕ್ಯಾಟಲಾಗಿನಲ್ಲಿ ಅಚ್ಚಾದ ಬೆಲೆ ಅಂಗಡಿಯವನು ಕೇಳುವ ಬೆಲೆಯಾಗಿರುತ್ತದೆ, ಅವನು ನಿಮಗೆ ಕೊಡುವ ಬೆಲೆಯಲ್ಲ. ಹೀಗಾಗಿ ಹಿಂದಿನ ಎರಡು ಮೂರು ವರ್ಷಗಳಲ್ಲಿ ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಐದಾರು ನಾಣ್ಯಗಳ ಚಿತ್ರ ಮತ್ತು ಬೆಲೆಯನ್ನು ಹುಡುಕಿ, ನಿಮ್ಮದನ್ನು ಅವುಗಳ ನಡುವೆ ಎಲ್ಲಿ ಕೂರಿಸಬಹುದೆಂದು ನೋಡಿರಿ. ಹರಾಜಿನ ಕೂಗಿನ ಬೆಲೆ ಕೊಂಡವನು ತೆತ್ತ ಒಟ್ಟು ಬೆಲೆಯಲ್ಲ. ಅದರ ಮೇಲೆ ಹರಾಜುದಾರರ ಶುಲ್ಕ ಶೇಕಡ 20ರ ಆಸುಪಾಸು ಬೀಳುವುದು ಸಾಮಾನ್ಯ. 400 ಯೂರೋಗೆ ಕೂಗಿದ ನಾಣ್ಯಕ್ಕೆ ಕೊಳ್ಳುವವನು 480 ಕೊಡುತ್ತಾನೆ, ಮಾರುವವನಿಗೆ ಕಮಿಷನ್ ಕಳೆದು 400ಕ್ಕಿಂತ ಕಡಿಮೆ ಸಿಗುತ್ತದೆ. ಯಾವುದನ್ನು ಬೆಲೆ ಎನ್ನುತ್ತೀರೆಂದು ಮೊದಲೇ ನಿಶ್ಚಯಿಸಿಕೊಳ್ಳಿರಿ.

ಏಳನೆಯ ಹೆಜ್ಜೆ: ಭಾರತದಲ್ಲಿರುವವರು ಗಮನಿಸಬೇಕಾದ ಕಾನೂನು

ವಿದೇಶದಿಂದ ಅಂಚೆಯಲ್ಲಿ ತರಿಸಿದರೆ ಸುಂಕವನ್ನು ಬೆಲೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು, ಮತ್ತು ಪೊಟ್ಟಣದ ಮೇಲೆ ಅದು ಸಂಗ್ರಹಯೋಗ್ಯ ನಾಣ್ಯವೆಂದು ಬೆಲೆಸಹಿತ ಸರಿಯಾಗಿ ನಮೂದಿಸಲು ಮಾರುವವನಿಗೆ ಹೇಳಬೇಕು. ಇದಕ್ಕಿಂತ ಮುಖ್ಯವಾದುದು ಹೊರಗೆ ಕಳುಹಿಸುವ ವಿಚಾರ. 1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯ್ದೆಯ ವ್ಯಾಖ್ಯೆಯಲ್ಲಿ ನೂರು ವರ್ಷಕ್ಕಿಂತ ಹಳೆಯದಾದ ನಾಣ್ಯವೂ ಸೇರುತ್ತದೆ, ಮತ್ತು ಅಂತಹ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಕ್ಕೆ ಕಳುಹಿಸುವಂತಿಲ್ಲ. ಅಮೆರಿಕದ ದರ್ಜೆ ನೀಡುವ ಸಂಸ್ಥೆಗೆ ಕಳುಹಿಸಿ ಪೆಟ್ಟಿಗೆಯಲ್ಲಿ ಮುದ್ರೆ ಹಾಕಿಸಿಕೊಂಡು ಬರುತ್ತೇನೆ ಎಂದುಕೊಂಡವರು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸದೆ ಅಂಚೆಗೆ ಹಾಕಬಾರದು. ದರ್ಜೆ ಪಡೆದ ನಾಣ್ಯವೇ ಬೇಕಿದ್ದರೆ ಅಲ್ಲಿಯೇ ದರ್ಜೆಯಾದದ್ದನ್ನು ಕೊಳ್ಳುವುದು ಸುಲಭ. ಆಗಲೂ ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ನಮೂದಿಸಿ, ಅಲ್ಲಿ ತೋರುವ ಚಿತ್ರವೂ ಕೈಯಲ್ಲಿರುವ ನಾಣ್ಯವೂ ಒಂದೇ ಎಂದು ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಪೆಟ್ಟಿಗೆಗಳನ್ನೂ ನಕಲು ಮಾಡುತ್ತಾರೆ.

ಎಂಟನೆಯ ಹೆಜ್ಜೆ: ಇಟ್ಟುಕೊಳ್ಳುವುದು

38 ಮಿ.ಮೀ. ಅಳತೆಯ ಗಟ್ಟಿ ಪಾರದರ್ಶಕ ಕ್ಯಾಪ್ಸೂಲ್ ಸಾಕು. ಮೆತ್ತನೆಯ, ವಾಸನೆ ಬರುವ ಪ್ಲಾಸ್ಟಿಕ್ ಜೇಬುಗಳು, ರಬ್ಬರ್ ಬ್ಯಾಂಡ್ ಮತ್ತು ಹಳೆಯ ಪತ್ರಿಕೆಯ ಕಾಗದ ಬೆಳ್ಳಿಗೆ ಆಗದು. ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ತೇವಕ್ಕೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಅದನ್ನು ಆಗಾಗ ಬದಲಿಸಿರಿ. ದೇವರ ಬೆಳ್ಳಿ ಇಡುವ ಕಪಾಟಿನಲ್ಲಿ ಮಾತ್ರ ಇಡಬೇಡಿರಿ, ಕಾರಣ ಮೇಲೆಯೇ ಹೇಳಿದೆ.

ನಾಣ್ಯದ ಜೊತೆಗೆ ಒಂದು ಚೀಟಿ ಇರಲಿ. ನನ್ನ ಈಗಿನ ನಾಣ್ಯದ ಚೀಟಿಯಲ್ಲಿ ಹೀಗಿದೆ: "2½ ಗಿಲ್ಡರ್, 1898, ಉಟ್ರೆಕ್ಟ್. ತೂಕ 24.88. ನೀರಿನಲ್ಲಿ 2.40. ಅಂಚಿನ ಬರಹ ಪೂರ್ತಿ, 12ರ ಜಾಗ ಶುದ್ಧ. ಕಿವಿಯ ಮೇಲೆ ಕೂದಲು ಗೊಂಚಲು. ಪಾಂಡರ್ ಹೆಸರು ಓದಬಹುದು. ಹಿಂಬದಿಯಲ್ಲಿ, ಕಿರೀಟದ ಎಡಕ್ಕೆ ಒಂದು ಸಣ್ಣ ಏಟು. ಬಣ್ಣ ತಿಳಿ ಬೂದು, ತೊಳೆದಿಲ್ಲ." ಕೊಂಡ ದಿನಾಂಕ, ಕೊಟ್ಟ ಹಣ, ರಸೀದಿಯ ಪ್ರತಿ ಅದರ ಹಿಂದೆ ಇವೆ. ಮಾರುವ ದಿನ ಬಂದರೆ ಇದೇ ಚೀಟಿಯನ್ನು, ಮುಂಬದಿ ಹಿಂಬದಿಗಳ ಜೊತೆಗೆ ಅಂಚಿನ ಮೂರು ನಾಲ್ಕು ಚಿತ್ರಗಳನ್ನೂ ಸೇರಿಸಿ ಕೊಳ್ಳುವವರ ಮುಂದಿಟ್ಟರೆ, ಚೌಕಾಶಿ ಆ ಸಣ್ಣ ಏಟಿನ ಬಗ್ಗೆ ಮಾತ್ರ ನಡೆಯುತ್ತದೆ.